ಕಾಲಿದ್ದ ತಿಮಿಂಗಿಲಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತಿಮಿಂಗಿಲ ಮೀನಲ್ಲ, ಸಸ್ತನಿ ಅನ್ನುವುದು ಎಲ್ಲರಿಗೂ ಶಾಲೆಯಲ್ಲೇ ಗೊತ್ತಾಗುತ್ತದೆ. ಅದರ ಪೂರ್ವಜರಿಗೆ ನಾಲ್ಕು ಕಾಲಿತ್ತು, ಕಾಲಿಗೆ ಗೊರಸೂ ಇತ್ತು ಅಂದರೆ ಮಾತ್ರ ಜನ ಹುಬ್ಬೇರಿಸುತ್ತಾರೆ. ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಅವುಗಳಲ್ಲಿ ಜಾಸ್ತಿ ಕೇಳಿಬರುವವು ಇಲ್ಲಿವೆ.

ತಿಮಿಂಗಿಲದ ಪೂರ್ವಜರು ನಿಜಕ್ಕೂ ನೆಲದ ಮೇಲೆ ನಡೆಯುತ್ತಿದ್ದವಾ?

ಹೌದು. ಪಳೆಯುಳಿಕೆ ಸಿಗುವ ಮೊದಲೇ ಈ ಅನುಮಾನ ಇತ್ತು. ತಿಮಿಂಗಿಲ ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಮರಿ ಹಾಕುತ್ತದೆ, ಹಾಲು ಕುಡಿಸುತ್ತದೆ. ಅದರ ಮುಂದಿನ ಈಜುರೆಕ್ಕೆಯನ್ನು ಬಿಡಿಸಿ ನೋಡಿದರೆ ಒಳಗೆ ತೋಳಿನ ಮೂಳೆ, ಮಣಿಕಟ್ಟು, ಬೆರಳು ಎಲ್ಲ ಇವೆ.

ಬಾಲವನ್ನೂ ಗಮನಿಸಿ. ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬೀಸುತ್ತದೆ. ತಿಮಿಂಗಿಲ ಮೇಲೆ ಕೆಳಗೆ ಬೀಸುತ್ತದೆ. ನಾಲ್ಕು ಕಾಲಿನ ಸಸ್ತನಿ ನಾಗಾಲೋಟದಲ್ಲಿ ಓಡುವಾಗ ಬೆನ್ನು ಬಾಗುವುದೂ ಹಾಗೇ, ಮೇಲಕ್ಕೆ ಕೆಳಕ್ಕೆ. ನೀರಿಗೆ ಇಳಿದ ಮೇಲೂ ಆ ಬೆನ್ನು ತನ್ನ ಹಳೆಯ ಚಾಳಿ ಬಿಡಲಿಲ್ಲ.

ಪಾಕಿಸೀಟಸ್ ಯಾವ ಪ್ರಾಣಿ? ಎಲ್ಲಿ ಸಿಕ್ಕಿತು?

ಸುಮಾರು 5 ಕೋಟಿ ವರ್ಷಗಳ ಹಿಂದೆ ಬದುಕಿದ್ದ, ತೋಳದಷ್ಟು ದೊಡ್ಡದಾದ ಆದಿ ತಿಮಿಂಗಿಲ. ಉದ್ದ ಮೂತಿ, ಉದ್ದ ಬಾಲ, ತೆಳ್ಳನೆಯ ನಾಲ್ಕು ಕಾಲು. ಪಾಕಿಸ್ತಾನದ ಕೋಹಾಟ್ ಭಾಗದ ಕಲ್ಲಿನ ಪದರಗಳಲ್ಲಿ ಇದರ ತಲೆಬುರುಡೆಯ ಹಿಂಭಾಗ ಸಿಕ್ಕಿತು. 1981ರಲ್ಲಿ ಫಿಲಿಪ್ ಗಿಂಗರಿಚ್ ಮತ್ತು ಡೊನಾಲ್ಡ್ ರಸೆಲ್ ಅದನ್ನು ವಿವರಿಸಿ ಹೆಸರಿಟ್ಟರು.

ಸಿಕ್ಕಿದ ಜಾಗವೇ ಒಂದು ಆಶ್ಚರ್ಯ. ಆ ಪದರಗಳು ಸಮುದ್ರದ ತಳದವಲ್ಲ. ಆಗಾಗ ಬತ್ತುವ ಹೊಳೆಗಳ ಪಕ್ಕದ ಕೆಂಪು ಮಣ್ಣು ಗಟ್ಟಿಯಾಗಿ ಆದ ಕಲ್ಲು ಅದು. ಅಂಥ ಕಡೆ ತಿಮಿಂಗಿಲ ಸಿಗುತ್ತದೆ ಎಂದು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ.

ನಾಲ್ಕು ಕಾಲಿನ, ಹೊಳೆ ದಡದ ಪ್ರಾಣಿಯನ್ನು ತಿಮಿಂಗಿಲ ಅನ್ನುವುದು ಹೇಗೆ?

ಕಿವಿ ನೋಡಿ. ಈ ಇಡೀ ವಿಷಯದಲ್ಲಿ ಒಂದೇ ಒಂದು ಮೂಳೆ ನೆನಪಿಟ್ಟುಕೊಳ್ಳಿ ಅಂದರೆ ನಾನು ಹೇಳುವುದು ಕಿವಿಯ ಮೂಳೆಯನ್ನೇ.

ಸಸ್ತನಿಗಳ ನಡುಕಿವಿಯನ್ನು ಸುತ್ತುವರಿದು ಬಟ್ಟಲಿನ ಆಕಾರದ ಒಂದು ಮೂಳೆ ಇರುತ್ತದೆ. ಬೇರೆ ಪ್ರಾಣಿಗಳಲ್ಲಿ ಆ ಬಟ್ಟಲಿನ ಅಂಚು ಸುತ್ತಲೂ ಹೆಚ್ಚುಕಡಿಮೆ ಒಂದೇ ದಪ್ಪ. ತಿಮಿಂಗಿಲ ಮತ್ತು ಡಾಲ್ಫಿನ್‌ಗಳಲ್ಲಿ ಹಾಗಲ್ಲ. ಹೊರಗಿನ ಅಂಚು ತೆಳು, ಒಳಗಿನ ಅಂಚು ಊದಿಕೊಂಡಂತೆ ದಪ್ಪ, ಗಟ್ಟಿ, ಭಾರ. ಈ ದಪ್ಪ ಅಂಚಿಗೆ ಇನ್ವೊಲುಕ್ರಮ್ ಎನ್ನುತ್ತಾರೆ. ಈಗ ಬದುಕಿರುವ ಪ್ರಾಣಿಗಳ ಪೈಕಿ ಇದು ತಿಮಿಂಗಿಲ, ಡಾಲ್ಫಿನ್, ಪೋರ್ಪಾಯಿಸ್‌ಗಳಲ್ಲಿ ಮಾತ್ರ ಇದೆ.

ಪಾಕಿಸೀಟಸ್‌ನ ಕಿವಿಯಲ್ಲಿ ಈ ದಪ್ಪ ಅಂಚು ಇತ್ತು. ಆದರೆ ನೀರಿನೊಳಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯಲು ಇಂದಿನ ತಿಮಿಂಗಿಲಗಳಿಗಿರುವ ಬೇರೆ ಏರ್ಪಾಡುಗಳು ಇರಲಿಲ್ಲ. ಕೆಳದವಡೆಯೊಳಗಿನ ಕೊಬ್ಬಿನ ಮೂಲಕ ಸದ್ದು ಕಿವಿಗೆ ತಲುಪುವ ದಾರಿ ತೆರೆದುಕೊಂಡದ್ದು ಆಮೇಲಿನ ತಳಿಗಳಲ್ಲಿ. ಅಂದರೆ ಅದರ ಕಿವಿ ಆಗಲೇ ತಿಮಿಂಗಿಲದ್ದು, ಕಾಲು ಇನ್ನೂ ನೆಲದ ಪ್ರಾಣಿಯದ್ದು.

ಹಳೆಯ ಚಿತ್ರಗಳಲ್ಲಿ ಪಾಕಿಸೀಟಸ್ ಸೀಲ್ ಥರ ಇದೆ, ಹೊಸ ಚಿತ್ರಗಳಲ್ಲಿ ನಾಯಿ ಥರ. ಯಾವುದು ಸರಿ?

ಹೊಸದು. ಮೊದಲು ಸಿಕ್ಕಿದ್ದು ತಲೆಯ ತುಂಡು, ದವಡೆ, ಹಲ್ಲು ಅಷ್ಟೇ. ದೇಹ ಹೇಗಿತ್ತೋ ಗೊತ್ತಿರಲಿಲ್ಲ. ಅದಕ್ಕೇ 1980ರ ದಶಕದ ಚಿತ್ರಗಳಲ್ಲಿ ಕಲಾವಿದರು ಅದನ್ನು ನೀರಿಗೆ ಧುಮುಕಿಸಿ, ಪಾದಕ್ಕೆ ಜಾಲ ಹೊಲಿದು, ಮೀನು ಹಿಡಿಸಿದರು.

2001ರಲ್ಲಿ ಹಾನ್ಸ್ ಥೆವಿಸನ್ ತಂಡ ದೇಹದ ಮೂಳೆಗಳನ್ನು ವಿವರಿಸಿತು. ಉದ್ದನೆಯ ಕಾಲುಗಳು, ಬೆರಳ ತುದಿಯ ಮೇಲೆ ನಡೆಯುವ ಪಾದ. ನೆಲದ ಪ್ರಾಣಿಯೇ. ಆದರೂ ನೀರಿನ ನಂಟು ಪೂರ್ತಿ ಸುಳ್ಳಲ್ಲ. ಮೂಳೆಗಳ ಗೋಡೆ ಮಾಮೂಲಿಗಿಂತ ಬಹಳ ದಪ್ಪ, ಆಳವಿಲ್ಲದ ನೀರಿನಲ್ಲಿ ತೇಲಿ ಹೋಗದೆ ತಳದ ಮೇಲೆ ನಡೆಯಲು ಅನುಕೂಲ. ಕಣ್ಣುಗಳು ತಲೆಯ ನೆತ್ತಿಯಲ್ಲಿ, ಒಂದಕ್ಕೊಂದು ಹತ್ತಿರ. ಮೈ ನೀರೊಳಗೆ ಅಡಗಿಸಿ, ಕಣ್ಣು ಮಾತ್ರ ಮೇಲಿಟ್ಟು, ದಡಕ್ಕೆ ಬಂದ ಬೇಟೆಗಾಗಿ ಕಾಯುತ್ತಿತ್ತು ಎಂಬ ಊಹೆಗೆ ಇದೇ ಆಧಾರ.

ತಿಮಿಂಗಿಲಗಳಿಗಿಂತ ಹಿಂದೆ ಏನಿತ್ತು? ಇಂಡೋಹಯಸ್ ಬಗ್ಗೆ ಹೇಳಿ.

ಈ ಕತೆ ನನಗೆ ಎಲ್ಲಕ್ಕಿಂತ ಇಷ್ಟ.

ಭೂವಿಜ್ಞಾನಿ ಎ. ರಂಗರಾವ್ ಜಮ್ಮುವಿನ ಕಾಲಾಕೋಟ್ ಹತ್ತಿರದ ಕಲ್ಲುಗಳಿಂದ ಹಲ್ಲು, ದವಡೆ ತುಂಡುಗಳನ್ನು ಸಂಗ್ರಹಿಸಿ 1971ರಲ್ಲಿ ಇಂಡೋಹಯಸ್ ಎಂಬ ಪ್ರಾಣಿಯನ್ನು ವಿವರಿಸಿದ್ದರು. ಅವರು ತಂದಿಟ್ಟಿದ್ದ ಇನ್ನೆಷ್ಟೋ ಕಲ್ಲುಗಳನ್ನು ಒಡೆದು ನೋಡಿರಲೇ ಇಲ್ಲ. ರಂಗರಾವ್ ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಥೆವಿಸನ್ ಅವರಿಗೆ ಕೊಟ್ಟರು. ಪ್ರಯೋಗಾಲಯದಲ್ಲಿ ಕಲ್ಲಿನಿಂದ ತಲೆಬುರುಡೆ ಬಿಡಿಸುತ್ತಿದ್ದ ತಂತ್ರಜ್ಞರ ಕೈಯಲ್ಲಿ ಕಿವಿಯ ಭಾಗ ಒಡೆಯಿತು. ಒಡೆದ ಅಂಚನ್ನು ನೋಡಿದರೆ ಅದೇ ದಪ್ಪ ಅಂಚು, ಇನ್ವೊಲುಕ್ರಮ್! ತಿಮಿಂಗಿಲಗಳಿಗೆ ಮಾತ್ರ ಸೇರಿದ್ದು ಅಂದುಕೊಂಡಿದ್ದ ಗುರುತು ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ, ಜಿಂಕೆಯಂಥ, ಗೊರಸಿನ ಪ್ರಾಣಿಯೊಂದರಲ್ಲಿ ಕುಳಿತಿತ್ತು. 2007ರಲ್ಲಿ ಇದು ಪ್ರಕಟವಾಯಿತು.

ಇಂಡೋಹಯಸ್‌ನ ಕಾಲಿನ ಮೂಳೆಗಳ ಗೋಡೆಯೂ ದಪ್ಪ. ಹಲ್ಲಿನಲ್ಲಿರುವ ಆಮ್ಲಜನಕದ ಐಸೋಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಲೆಕ್ಕವೂ ಅದು ಹೆಚ್ಚು ಹೊತ್ತು ನೀರಿನಲ್ಲಿ ಕಳೆಯುತ್ತಿತ್ತು ಎನ್ನುತ್ತದೆ. ಆಫ್ರಿಕಾದ ನೀರು ಶೆವ್ರೊಟೇನ್ ಎಂಬ ಪುಟ್ಟ ಪ್ರಾಣಿ ಇವತ್ತಿಗೂ ಅಪಾಯ ಕಂಡರೆ ಹೊಳೆಗೆ ಹಾರಿ ಮುಳುಗಿ ಕೂರುತ್ತದೆ. ಇಂಡೋಹಯಸ್ ಮಾಡುತ್ತಿದ್ದದ್ದೂ ಅದೇ ಇರಬಹುದು. ಹಾಗಿದ್ದರೆ ಈ ವಂಶ ನೀರಿಗೆ ಇಳಿದದ್ದು ಮೀನಿನ ಆಸೆಗಲ್ಲ, ಜೀವ ಉಳಿಸಿಕೊಳ್ಳಲು. ಮೀನು ತಿನ್ನುವ ಅಭ್ಯಾಸ ಆಮೇಲೆ ಬಂತು.

ಒಂದು ಎಚ್ಚರಿಕೆ: ಸಿಕ್ಕಿರುವ ಇಂಡೋಹಯಸ್ ಮೂಳೆಗಳು ಸುಮಾರು 4.8 ಕೋಟಿ ವರ್ಷ ಹಳೆಯವು, ಪಾಕಿಸೀಟಸ್‌ಗಿಂತ ಹಿಂದಿನವಲ್ಲ. ಹಾಗಾಗಿ ಅದನ್ನು ತಿಮಿಂಗಿಲಗಳ ಮುತ್ತಜ್ಜ ಅನ್ನಬೇಡಿ. ಮುತ್ತಜ್ಜನ ಮನೆಯಲ್ಲೇ ಹುಟ್ಟಿದ ಇನ್ನೊಂದು ಕವಲು ಅನ್ನಿ.

ನೀರಾನೆಯಿಂದ ತಿಮಿಂಗಿಲ ಬಂತು ಎನ್ನುತ್ತಾರಲ್ಲ?

ಇಲ್ಲ, ಅದು ತಪ್ಪು. ಇಬ್ಬರೂ ದಾಯಾದಿಗಳು. ಈಗ ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ಅತಿ ಹತ್ತಿರದ ನೆಂಟ ನೀರಾನೆ. ಅಷ್ಟೇ. ನೀರಾನೆಯ ಕುಟುಂಬ ಪಳೆಯುಳಿಕೆಗಳಲ್ಲಿ ಕಾಣಿಸಿಕೊಳ್ಳುವುದೇ ತಿಮಿಂಗಿಲಗಳು ಸಮುದ್ರ ಸೇರಿ ಕೋಟಿಗಟ್ಟಲೆ ವರ್ಷಗಳಾದ ಮೇಲೆ.

ಇದು ಇತ್ಯರ್ಥವಾದ ರೀತಿ ಸ್ವಾರಸ್ಯವಾಗಿದೆ. 1966ರಲ್ಲಿ ಲೀ ವ್ಯಾನ್ ವೇಲನ್ ಅವರು ಮೆಸೋನಿಕಿಡ್ ಎಂಬ, ಗೊರಸಿದ್ದೂ ಮಾಂಸ ತಿನ್ನುತ್ತಿದ್ದ ಪ್ರಾಣಿಗಳ ಕಡೆ ಬೆರಳು ತೋರಿಸಿದ್ದರು. ಅವುಗಳ ಹಲ್ಲು ಆದಿ ತಿಮಿಂಗಿಲಗಳ ಹಲ್ಲನ್ನು ಹೋಲುತ್ತಿತ್ತು. ಮೂಳೆ ಓದುವವರು ದಶಕಗಳ ಕಾಲ ಇದನ್ನೇ ನಂಬಿದ್ದರು. 1990ರ ದಶಕದಲ್ಲಿ ಡಿಎನ್ಎ ಓದುವವರು ಬಂದು, ಇಲ್ಲ, ತಿಮಿಂಗಿಲ ಹಸು, ಜಿಂಕೆ, ಹಂದಿ, ನೀರಾನೆಗಳ ಗುಂಪಿನ ಒಳಗೇ ಸೇರುತ್ತದೆ ಎಂದರು. ಜಪಾನಿನ ನೊರಿಹಿರೊ ಒಕಾಡ ಅವರ ತಂಡ ನೀರಾನೆ ಮತ್ತು ತಿಮಿಂಗಿಲಗಳ ಡಿಎನ್ಎಯಲ್ಲಿ ಒಂದೇ ಜಾಗಗಳಲ್ಲಿ ಸೇರಿಕೊಂಡ ಒಂದೇ ಥರದ ತುಣುಕುಗಳನ್ನು ತೋರಿಸಿತು. ಹಾಗೆ ಒಂದೇ ಜಾಗದಲ್ಲಿ ಎರಡೆರಡು ಸಲ ಆಕಸ್ಮಿಕವಾಗಿ ಸೇರಿಕೊಳ್ಳುವುದು ಕಷ್ಟ.

ಜಗಳ ತೀರಿಸಿದ್ದು ಪಾದದ ಕೀಲಿನ ಒಂದು ಮೂಳೆ, ಆಸ್ಟ್ರಗಲಸ್. ಹಸು, ಕುರಿ, ಜಿಂಕೆ, ಹಂದಿ ಇವೆಲ್ಲ ಜೋಡಿ ಗೊರಸಿನ ಪ್ರಾಣಿಗಳು. ಇವುಗಳಲ್ಲಿ ಈ ಮೂಳೆಯ ಮೇಲಿನ ತುದಿಯೂ ಕೆಳಗಿನ ತುದಿಯೂ ರಾಟೆಯ ಆಕಾರದಲ್ಲಿರುತ್ತವೆ. ಬೇರೆ ಯಾವ ಸಸ್ತನಿಗೂ ಈ ಜೋಡಿ ರಾಟೆ ಇಲ್ಲ. 2001ರ ಸೆಪ್ಟೆಂಬರಿನಲ್ಲಿ ಗಿಂಗರಿಚ್ ತಂಡ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಸಿಕ್ಕಿದ ರೋಡೋಸೀಟಸ್ ಮತ್ತು ಆರ್ಟಿಯೋಸೀಟಸ್ ಎಂಬ ತಿಮಿಂಗಿಲಗಳ ಪಾದದ ಕೀಲನ್ನು ತೋರಿಸಿತು. ಜೋಡಿ ರಾಟೆ! ಹೆಚ್ಚುಕಡಿಮೆ ಅದೇ ಹೊತ್ತಿಗೆ ಪಾಕಿಸೀಟಸ್‌ನ ಪಾದವೂ ಅದನ್ನೇ ಹೇಳಿತು. ಗಿಂಗರಿಚ್ ಅಲ್ಲಿಯತನಕ ಮೆಸೋನಿಕಿಡ್ ಪಕ್ಷದಲ್ಲಿದ್ದವರು. ಮೂಳೆ ಕೈಗೆ ಬಂದ ಮೇಲೆ ಅಭಿಪ್ರಾಯ ಬದಲಿಸಿಕೊಂಡರು.

ಆಂಬುಲೋಸೀಟಸ್ ಮೊಸಳೆ ಥರ ಇತ್ತಂತೆ, ಹೌದಾ?

ಬದುಕುವ ರೀತಿಯಲ್ಲಿ ಹೌದು. ಇದೂ ಒಂದು ಆದಿ ತಿಮಿಂಗಿಲ. ಸುಮಾರು 3 ಮೀಟರ್ ಉದ್ದ, ಗಟ್ಟಿ ದವಡೆ, ಗಿಡ್ಡ ಕಾಲು, ದೊಡ್ಡ ಪಾದ. ಪಾಕಿಸ್ತಾನದ ಕಾಲಾ ಚಿಟ್ಟಾ ಬೆಟ್ಟಗಳಲ್ಲಿ ಸಿಕ್ಕಿತು, 1994ರಲ್ಲಿ ಥೆವಿಸನ್ ಮತ್ತು ಸಂಗಡಿಗರು ವಿವರಿಸಿದರು. ಈಜುವಾಗ ಮುಖ್ಯ ಬಲ ಹಿಂಗಾಲಿನದು. ಪಾದಗಳನ್ನು ಹಿಂದಕ್ಕೆ ಚಾಚಿ, ಬೆನ್ನನ್ನು ಮೇಲೆ ಕೆಳಗೆ ಬಾಗಿಸಿ ನೀರನ್ನು ತಳ್ಳುತ್ತಿತ್ತು. ಬಾಲದ ತುದಿಯಲ್ಲಿ ಅಗಲ ರೆಕ್ಕೆ ಇನ್ನೂ ಬಂದಿರಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಅದರ ಮೂಳೆ ಸಿಕ್ಕಿದ್ದು ಸಮುದ್ರದಂಚಿನ ಪದರಗಳಲ್ಲಿ, ಆದರೆ ಹಲ್ಲಿನ ಐಸೋಟೋಪುಗಳು ಸಿಹಿನೀರು ಕುಡಿದ ಲಕ್ಷಣ ತೋರಿಸುತ್ತವೆ. ವಾಸ ಉಪ್ಪುನೀರಿನ ಹತ್ತಿರ, ಬಾಯಾರಿಕೆಗೆ ಹೊಳೆಯ ನೀರು.

ಆದಿ ತಿಮಿಂಗಿಲಗಳೆಲ್ಲ ಭಾರತ, ಪಾಕಿಸ್ತಾನದಲ್ಲೇ ಸಿಗುವುದು ಯಾಕೆ?

ಆಗ ಅಲ್ಲಿ ಸಮುದ್ರ ಇತ್ತು. ದಕ್ಷಿಣದಿಂದ ಸರಿದು ಬಂದ ಭಾರತದ ಭೂಭಾಗ ಏಷ್ಯಾಕ್ಕೆ ಡಿಕ್ಕಿ ಹೊಡೆಯುತ್ತಿದ್ದ ಕಾಲ ಅದು. ನಡುವೆ ಟೆಥಿಸ್ ಎಂಬ ಬೆಚ್ಚನೆಯ ಸಮುದ್ರ ಕಿರಿದಾಗುತ್ತಾ ಬಂದು ಆಳವಿಲ್ಲದ ಕೊಲ್ಲಿಗಳು, ಅಳಿವೆಗಳು, ಜೌಗುಗಳು ಉಳಿದುಕೊಂಡಿದ್ದವು. ಒಂದು ಕಾಲು ನೆಲದಲ್ಲಿ, ಇನ್ನೊಂದು ನೀರಿನಲ್ಲಿ ಇಟ್ಟು ಬದುಕುವ ಪ್ರಾಣಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಆಮೇಲೆ ಹಿಮಾಲಯ ಎದ್ದಾಗ ಆ ಕೆಸರಿನ ಪದರಗಳೂ ಜೊತೆಗೆ ಮೇಲೆ ಬಂದವು.

ಗುಜರಾತಿನ ಕಛ್ ಇನ್ನೊಂದು ದೊಡ್ಡ ಖಜಾನೆ. ಅಶೋಕ್ ಸಾಹ್ನಿ ಮತ್ತು ವಿ. ಪಿ. ಮಿಶ್ರಾ 1970ರ ದಶಕದಲ್ಲೇ ಅಲ್ಲಿನ ತಿಮಿಂಗಿಲಗಳನ್ನು ವಿವರಿಸಿದರು, ಅಂದರೆ ಪಾಕಿಸೀಟಸ್‌ಗಿಂತ ಮೊದಲೇ. ಆಮೇಲೆ ಸುನಿಲ್ ಬಾಜಪೇಯಿ ಮುಂತಾದವರು ಆ ಕೆಲಸ ಮುಂದುವರಿಸಿದರು. ಅಲ್ಲಿನ ರೆಮಿಂಗ್ಟನೋಸೀಟಸ್ ಮತ್ತು ಕಛಿಸೀಟಸ್ ನೋಡಲು ವಿಚಿತ್ರ: ಉದ್ದ ಕಿರಿದಾದ ಮೂತಿ, ಪುಟ್ಟ ಕಣ್ಣು, ಗಿಡ್ಡ ಕಾಲು, ಬಲವಾದ ಉದ್ದ ಬಾಲ. ಕೆಸರು ನೀರಿನಲ್ಲಿ ಕಣ್ಣಿಗಿಂತ ಕಿವಿಯನ್ನೇ ನಂಬಿಕೊಂಡಿದ್ದಂತೆ ಕಾಣುತ್ತದೆ. ಈ ಕವಲು ಮುಂದೆ ಯಾರನ್ನೂ ಬಿಟ್ಟುಹೋಗದೆ ಅಳಿಯಿತು.

ಮರಿ ಹಾಕುತ್ತಿದ್ದದ್ದು ನೆಲದಲ್ಲೋ ನೀರಿನಲ್ಲೋ?

ಸುಮಾರು 4.75 ಕೋಟಿ ವರ್ಷ ಹಿಂದಿನ ಮೈಯಾಸೀಟಸ್ ಎಂಬ ಆದಿ ತಿಮಿಂಗಿಲ ಇದಕ್ಕೆ ಒಂದು ಸುಳಿವು ಕೊಡುತ್ತದೆ. 2009ರಲ್ಲಿ ಗಿಂಗರಿಚ್ ತಂಡ ವಿವರಿಸಿದ ಒಂದು ಅಸ್ಥಿಪಂಜರದ ಒಳಗೆ ಇನ್ನೊಂದು ಪುಟ್ಟ ತಲೆಬುರುಡೆ ಇತ್ತು. ಹೊಟ್ಟೆಯೊಳಗಿನ ಮರಿ, ತಲೆ ಹೊರಬರುವ ದಿಕ್ಕಿಗೆ ಇದೆ ಎಂದು ಅವರು ಓದಿದರು. ನೀರಿನಲ್ಲಿ ಹುಟ್ಟುವ ತಿಮಿಂಗಿಲದ ಮರಿ ಸಾಮಾನ್ಯವಾಗಿ ಬಾಲ ಮುಂದಾಗಿ ಹುಟ್ಟುತ್ತದೆ, ನೆಲದ ಸಸ್ತನಿ ತಲೆ ಮುಂದಾಗಿ. ಹಾಗಾಗಿ ಮೈಯಾಸೀಟಸ್ ದಡಕ್ಕೆ ಬಂದು ಮರಿ ಹಾಕುತ್ತಿತ್ತು ಎನ್ನುವುದು ಅವರ ವಾದ. ಅದು ಮರಿಯೇ ಹೌದಾ ಎಂದು ಸಂಶಯ ಪಟ್ಟವರೂ ಇದ್ದಾರೆ. ಒಂದೇ ಮಾದರಿಯ ಮೇಲೆ ನಿಂತ ವಾದ, ಅದನ್ನು ಮರೆಯಬಾರದು.

ಕಾಲಿಟ್ಟುಕೊಂಡೇ ಅವು ಬೇರೆ ಖಂಡಗಳಿಗೆ ಹೋದವಾ?

ಹೋದವು. 2019ರಲ್ಲಿ ಪೆರು ದೇಶದ ಕರಾವಳಿಯಿಂದ ಪೆರಿಗೋಸೀಟಸ್ ವಿವರವಾಯಿತು. 4.26 ಕೋಟಿ ವರ್ಷ ಹಳೆಯದು, ಸುಮಾರು 4 ಮೀಟರ್ ಉದ್ದ, ಬೆರಳ ತುದಿಯಲ್ಲಿ ಚಿಕ್ಕ ಗೊರಸಿನ ಗುರುತು. ಆಫ್ರಿಕಾದ ಪಶ್ಚಿಮ ತೀರದಿಂದ ಅಟ್ಲಾಂಟಿಕ್ ದಾಟಿ ಬಂದಿರಬೇಕು. ಆಗ ಆ ಸಾಗರ ಈಗಿನಷ್ಟು ಅಗಲ ಇರಲಿಲ್ಲ ನಿಜ, ಆದರೂ ಅದು ಸಣ್ಣ ಈಜಲ್ಲ.

ಬ್ಯಾಸಿಲೋಸಾರಸ್ ತಿಮಿಂಗಿಲ ಆದರೆ ಹೆಸರಿನಲ್ಲಿ ಹಲ್ಲಿ ಯಾಕೆ ಇದೆ?

1834ರಲ್ಲಿ ಅಮೆರಿಕದ ರಿಚರ್ಡ್ ಹಾರ್ಲನ್ ಕೈಗೆ ದೈತ್ಯ ಬೆನ್ನುಮೂಳೆಗಳು ಬಂದವು. ಸಮುದ್ರದ ಸರೀಸೃಪ ಅಂದುಕೊಂಡು ‘ರಾಜಹಲ್ಲಿ’ ಎಂಬ ಅರ್ಥದ ಹೆಸರಿಟ್ಟರು. 1839ರಲ್ಲಿ ಅವರೇ ಮೂಳೆಗಳನ್ನು ಲಂಡನ್ನಿಗೆ ಒಯ್ದಾಗ ರಿಚರ್ಡ್ ಓವೆನ್ ಹಲ್ಲುಗಳಿಗೆ ಎರಡೆರಡು ಬೇರು ಇರುವುದನ್ನು ಕಂಡು, ಇದು ಸಸ್ತನಿ ಎಂದರು. ಓವೆನ್ ಹೊಸ ಹೆಸರನ್ನೂ ಸೂಚಿಸಿದರು. ಆದರೆ ಮೊದಲು ಇಟ್ಟ ಹೆಸರೇ ನಿಲ್ಲಬೇಕು ಎಂಬುದು ಪ್ರಾಣಿಶಾಸ್ತ್ರದ ನಿಯಮ.

ಸಸ್ತನಿ ಎಂದು ತೀರ್ಮಾನವಾದ ಮೇಲೂ ತಮಾಷೆ ಮುಗಿಯಲಿಲ್ಲ. 1845ರಲ್ಲಿ ಆಲ್ಬರ್ಟ್ ಕೋಚ್ ಎಂಬಾತ ಅಲಬಾಮಾದಲ್ಲಿ ಅಗೆದ ಮೂಳೆಗಳನ್ನೆಲ್ಲ ಸಾಲಾಗಿ ಜೋಡಿಸಿ 114 ಅಡಿಯ ‘ಸಮುದ್ರ ಸರ್ಪ’ ಕಟ್ಟಿ ನ್ಯೂಯಾರ್ಕಿನಲ್ಲಿ ಟಿಕೆಟ್ ಇಟ್ಟು ತೋರಿಸಿದ. ಜನ ಮುಗಿಬಿದ್ದರು. ಅಂಗರಚನಾಶಾಸ್ತ್ರಜ್ಞ ಜೆಫ್ರೀಸ್ ವೈಮನ್ ಹೋಗಿ ನೋಡಿ, ಇದು ಹಾವಲ್ಲ, ಮೂಳೆಗಳು ಒಂದೇ ಪ್ರಾಣಿಯವೂ ಅಲ್ಲ ಎಂದು ಬಯಲು ಮಾಡಿದರು. ಆದರೂ ಪ್ರಷ್ಯಾದ ದೊರೆ ಅದನ್ನು ಕೊಂಡುಕೊಂಡ. ಕೋಚ್ ಸುಮ್ಮನೆ ಕೂರಲಿಲ್ಲ, ಇನ್ನೊಂದು ಕಟ್ಟಿದ. ಅದು 1871ರ ಶಿಕಾಗೊ ಬೆಂಕಿಯಲ್ಲಿ ಸುಟ್ಟುಹೋಯಿತು.

ನಿಜವಾದ ಪ್ರಾಣಿ 15ರಿಂದ 18 ಮೀಟರ್ ಉದ್ದವಿತ್ತು. ಪೂರ್ತಿ ಸಮುದ್ರವಾಸಿ. ಈಜಿಪ್ಟಿನ ವಾದಿ ಅಲ್ ಹಿತಾನ್ ಮರುಭೂಮಿಯಲ್ಲಿ ಇದರ ನೂರಾರು ಬಂಧುಗಳ ಮೂಳೆಗಳಿವೆ. 1990ರಲ್ಲಿ ಗಿಂಗರಿಚ್ ಮತ್ತು ಸಂಗಡಿಗರು ಅಲ್ಲಿಂದ ಇದರ ಹಿಂಗಾಲನ್ನು ವರದಿ ಮಾಡಿದರು. ಮಂಡಿ, ಪಾದ, ಬೆರಳು ಎಲ್ಲವೂ ಇರುವ ಕಾಲು, ಆದರೆ ಆ ದೇಹದ ಮುಂದೆ ಲೆಕ್ಕಕ್ಕೇ ಇಲ್ಲದಷ್ಟು ಚಿಕ್ಕದು. ನಡೆಯುವುದಂತೂ ಸಾಧ್ಯವೇ ಇಲ್ಲ. ಕೂಡುವಾಗ ಹಿಡಿತಕ್ಕೆ ಬಳಕೆಯಾಗಿರಬಹುದು ಎಂದು ಅವರು ಊಹಿಸಿದರು.

ಅದೇ ಮರುಭೂಮಿಯಲ್ಲಿ 5 ಮೀಟರ್ ಉದ್ದ ಬೆಳೆಯುವ ಡೊರುಡಾನ್ ಎಂಬ ತಿಮಿಂಗಿಲದ ಮರಿಗಳ ತಲೆಬುರುಡೆಗಳ ಮೇಲೆ ಹಲ್ಲಿನ ಗುರುತುಗಳು ಸಿಕ್ಕಿವೆ. ಬ್ಯಾಸಿಲೋಸಾರಸ್‌ನ ಹೊಟ್ಟೆಯ ಜಾಗದಲ್ಲೇ ಅವುಗಳ ಮೂಳೆಯೂ ಸಿಕ್ಕಿದೆ. ತಿಮಿಂಗಿಲವೇ ತಿಮಿಂಗಿಲವನ್ನು ತಿನ್ನುತ್ತಿದ್ದ ಕಾಲ.

ಅಂದರೆ ಇಂಡೋಹಯಸ್, ಪಾಕಿಸೀಟಸ್, ಆಂಬುಲೋಸೀಟಸ್, ಬ್ಯಾಸಿಲೋಸಾರಸ್, ಹೀಗೆ ಒಂದರಿಂದ ಒಂದು ಹುಟ್ಟಿದವಾ?

ಪಠ್ಯಪುಸ್ತಕದ ಚಿತ್ರ ಹಾಗೆ ಕಾಣುತ್ತದೆ, ಅಲ್ವಾ? ಹಾಗಲ್ಲ. ಇವೆಲ್ಲ ಒಂದೇ ಮರದ ಬೇರೆ ಬೇರೆ ಕೊಂಬೆಗಳು. ಹಲವು ತಳಿಗಳು ಒಂದೇ ಕಾಲದಲ್ಲಿ ಇದ್ದವು. ಯಾವ ಅಸ್ಥಿಪಂಜರವನ್ನೂ ತೋರಿಸಿ ಇದೇ ನೀಲಿ ತಿಮಿಂಗಿಲದ ಅಜ್ಜ ಎನ್ನಲು ಬರುವುದಿಲ್ಲ. ಲಕ್ಷಣಗಳು ಯಾವ ಕ್ರಮದಲ್ಲಿ ಬಂದವು ಎಂಬುದು ಮಾತ್ರ ಚೆನ್ನಾಗಿ ಕಾಣುತ್ತದೆ: ಮೊದಲು ಕಿವಿ ಬದಲಾಯಿತು, ಆಮೇಲೆ ಪಾದ ಮತ್ತು ಸೊಂಟ, ಅದಾದ ಮೇಲೆ ಬಾಲದ ರೆಕ್ಕೆ. ಮೂತಿಯ ತುದಿಯಲ್ಲಿದ್ದ ಮೂಗಿನ ಹೊಳ್ಳೆಗಳು ಇಡೀ ಹೊತ್ತು ನಿಧಾನವಾಗಿ ಹಿಂದಕ್ಕೆ ಸರಿಯುತ್ತಾ ನೆತ್ತಿಗೆ ಬಂದವು.

ಕರಡಿಯಿಂದ ತಿಮಿಂಗಿಲ ಎಂದು ಡಾರ್ವಿನ್ ಹೇಳಿದ್ದನಾ?

1859ರ ಪುಸ್ತಕದಲ್ಲಿ ಬಾಯಿ ತೆರೆದು ಈಜುತ್ತಾ ಹುಳು ಹಿಡಿಯುವ ಕಪ್ಪು ಕರಡಿಯ ಉದಾಹರಣೆ ಕೊಟ್ಟು, ಇಂಥದ್ದರಿಂದ ತಿಮಿಂಗಿಲದಷ್ಟು ವಿಚಿತ್ರ ಪ್ರಾಣಿ ಬರಬಾರದೇಕೆ ಎಂದಿದ್ದ. ಜನ ನಕ್ಕರು. ಮುಂದಿನ ಮುದ್ರಣಗಳಲ್ಲಿ ಆ ಮಾತನ್ನು ಮೊಟಕು ಮಾಡಿದ. ಪ್ರಾಣಿ ತಪ್ಪಿತ್ತು, ಯೋಚನೆ ತಪ್ಪಿರಲಿಲ್ಲ.

ಈಗಿನ ತಿಮಿಂಗಿಲಗಳಲ್ಲಿ ಕಾಲಿನ ಕುರುಹು ಏನಾದರೂ ಉಳಿದಿದೆಯಾ?

ಸೊಂಟದ ಎರಡು ಮೂಳೆಗಳು ಮಾಂಸದೊಳಗೆ ಹುದುಗಿವೆ. ಬೆನ್ನುಮೂಳೆಗೆ ಅಂಟಿಕೊಂಡಿಲ್ಲ. ಅವು ಉಪಯೋಗಕ್ಕೆ ಬಾರದವು ಎನ್ನುವುದು ಹಳೆಯ ಮಾತು. ಜನನಾಂಗದ ಸ್ನಾಯುಗಳು ಅವಕ್ಕೇ ಅಂಟಿಕೊಂಡಿವೆ.

ಡಾಲ್ಫಿನ್ ಭ್ರೂಣದಲ್ಲಿ ಹಿಂಗಾಲಿನ ಮೊಗ್ಗು ಕೆಲವು ವಾರ ಕಾಣಿಸಿಕೊಂಡು ಕರಗಿಹೋಗುತ್ತದೆ. ಕಾಲು ಬೆಳೆಸಲು ಬೇಕಾದ ಸೋನಿಕ್ ಹೆಡ್ಜ್‌ಹಾಗ್ ಎಂಬ ಜೀನ್ ಅಲ್ಲಿ ಎಚ್ಚರಗೊಳ್ಳುವುದೇ ಇಲ್ಲ. ಎಲ್ಲೋ ಒಮ್ಮೊಮ್ಮೆ ಮಾತ್ರ ಲೆಕ್ಕ ತಪ್ಪುತ್ತದೆ. 1919ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಹತ್ತಿರ ಹಿಡಿದ ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಮೀಟರ್‌ಗೂ ಉದ್ದದ ಎರಡು ಹಿಂಗಾಲುಗಳಿದ್ದವು. 2006ರಲ್ಲಿ ಜಪಾನಿನ ತಾಯ್ಜಿಯಲ್ಲಿ ಸಿಕ್ಕ ಒಂದು ಡಾಲ್ಫಿನ್‌ಗೆ ಹಿಂದೆ ಇನ್ನೊಂದು ಜೊತೆ ಈಜುರೆಕ್ಕೆ ಇತ್ತು.

ಹಲ್ಲಿದ್ದ ತಿಮಿಂಗಿಲಗಳಿಗೆ ಬಲೀನ್ ಯಾವಾಗ ಬಂತು?

ಸುಮಾರು 3.4 ಕೋಟಿ ವರ್ಷಗಳ ಹಿಂದೆ ಭೂಮಿ ತಣ್ಣಗಾಯಿತು, ಅಂಟಾರ್ಕ್ಟಿಕಾದ ಮೇಲೆ ಹಿಮ ಕೂತಿತು, ಸಾಗರದ ಪ್ರವಾಹಗಳು ಬದಲಾದವು. ಹೆಚ್ಚುಕಡಿಮೆ ಈ ಹೊತ್ತಿಗೆ ಈಗಿನ ಎರಡು ದೊಡ್ಡ ಕವಲುಗಳು ಬೇರೆಯಾದವು. ಒಂದು ಕಡೆ ಸದ್ದಿನ ಪ್ರತಿಧ್ವನಿಯಿಂದ ಬೇಟೆ ಹುಡುಕುವ ಹಲ್ಲಿನ ತಿಮಿಂಗಿಲಗಳು ಮತ್ತು ಡಾಲ್ಫಿನ್‌ಗಳು. ಇನ್ನೊಂದು ಕಡೆ ನಮ್ಮ ಉಗುರಿನ ವಸ್ತುವಿನಿಂದಲೇ ಆದ ಬಲೀನ್ ತಟ್ಟೆಗಳಲ್ಲಿ ನೀರು ಸೋಸಿ ತಿನ್ನುವವು.

ಬಲೀನ್ ದಿಢೀರನೆ ಬರಲಿಲ್ಲ. ಈ ಎರಡನೇ ಕವಲಿನ ಮೊದಲ ಸದಸ್ಯರಿಗೆ ಚೆನ್ನಾಗಿಯೇ ಹಲ್ಲಿತ್ತು. ಆಸ್ಟ್ರೇಲಿಯಾದ 2.5 ಕೋಟಿ ವರ್ಷ ಹಿಂದಿನ ಜಂಜುಸೀಟಸ್ ಬಾಯಲ್ಲಿ ಚೂಪಾದ ದೊಡ್ಡ ಹಲ್ಲುಗಳೇ ಇವೆ. ಈಗಲೂ ಬಲೀನ್ ತಿಮಿಂಗಿಲದ ಭ್ರೂಣದಲ್ಲಿ ಹಲ್ಲಿನ ಮೊಗ್ಗು ಮೂಡಿ, ಹುಟ್ಟುವ ಮೊದಲೇ ಮಾಯವಾಗುತ್ತದೆ.

ನೀಲಿ ತಿಮಿಂಗಿಲಕ್ಕಿಂತ ಭಾರದ್ದು ಸಿಕ್ಕಿದೆ ಎಂದು ಸುದ್ದಿ ಬಂದಿತ್ತಲ್ಲ?

2023ರ ಪೆರುಸೀಟಸ್ ಬಗ್ಗೆ ಕೇಳುತ್ತಿದ್ದೀರಿ. ಪೆರು ದೇಶದ್ದು, ಸುಮಾರು 3.9 ಕೋಟಿ ವರ್ಷ ಹಳೆಯದು. ಸಿಕ್ಕಿದ್ದು 13 ಬೆನ್ನುಮೂಳೆ, 4 ಪಕ್ಕೆಲುಬು, ಸೊಂಟದ ಒಂದು ತುಂಡು. ತಲೆಯೇ ಇಲ್ಲ. ಒಂದೊಂದು ಬೆನ್ನುಮೂಳೆಯೂ 100 ಕಿಲೋಗಿಂತ ಜಾಸ್ತಿ ತೂಗುತ್ತದೆ. ಇದರಿಂದ ಮೊದಲು ಕೊಟ್ಟ ಅಂದಾಜು 85ರಿಂದ 340 ಟನ್. ಆ ಅಂತರ ನೋಡಿದಾಗಲೇ ಪತ್ರಿಕೆಗಳು ಸ್ವಲ್ಪ ಕಾಯಬೇಕಿತ್ತು. 2024ರಲ್ಲಿ ಬೇರೆ ಸಂಶೋಧಕರು ಲೆಕ್ಕ ಮತ್ತೆ ಹಾಕಿ 60ರಿಂದ 114 ಟನ್ ಎಂದರು. ಮೂಳೆ ಭಾರ ಇದ್ದ ಮಾತ್ರಕ್ಕೆ ಮೈಯೂ ಅದೇ ಪ್ರಮಾಣದಲ್ಲಿ ಭಾರ ಇರಬೇಕಾಗಿಲ್ಲ. ಸದ್ಯಕ್ಕೆ ಪಟ್ಟ ನೀಲಿ ತಿಮಿಂಗಿಲದ ಹತ್ತಿರವೇ ಇದೆ.

ಇವುಗಳನ್ನು ಎಲ್ಲಿ ನೋಡಬಹುದು?

ವಾದಿ ಅಲ್ ಹಿತಾನ್ 2005ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಕೈರೋದ ನೈಋತ್ಯಕ್ಕಿದೆ. ಮೂಳೆಗಳು ಮರಳಿನ ಮೇಲೆ ಬಿದ್ದ ಜಾಗದಲ್ಲೇ ಇವೆ, ನಡುವೆ ಕಾಲುದಾರಿ ಮಾಡಿದ್ದಾರೆ, ಒಂದು ಸಣ್ಣ ಮ್ಯೂಸಿಯಂ ಕೂಡ ಇದೆ. ಅಮೆರಿಕದಲ್ಲಾದರೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಪ್ರಕೃತಿ ವಿಜ್ಞಾನ ಮ್ಯೂಸಿಯಂನಲ್ಲಿ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಬ್ಯಾಸಿಲೋಸಾರಸ್ ಚಾವಣಿಯಿಂದ ತೂಗುತ್ತದೆ. ಹೋದರೆ ತಲೆ ನೋಡಿ ಮುಂದೆ ಸಾಗಬೇಡಿ. ಬಾಲದ ಕಡೆ ನಡೆದು ಆ ಪುಟ್ಟ ಹಿಂಗಾಲುಗಳನ್ನು ಹುಡುಕಿ.